ಒಂದು ಸಲ ಈ ಕಡೆ ನೋಡಬಾರದಾ?

ಬೆಳಿಗ್ಗೆ ಒಂದು ಸರ್ವಿಸ್ ಕೌಂಟರಿನಲ್ಲಿ ನೋಡಿದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ನನ್ನ ಮುಂದೆ ವಯಸ್ಸಾದ ಒಬ್ಬ ಹೆಂಗಸು, ರಸೀದಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಕೌಂಟರಿನ ಹುಡುಗ "ಹೇಳಿ ಅಮ್ಮ, ಏನಾಗಬೇಕಿತ್ತು?" ಅಂದ. ದನಿ ನಯವಾಗಿತ್ತು, ತುಟಿಯಲ್ಲಿ ನಗುವೂ ಇತ್ತು. ಕಣ್ಣು ಮಾತ್ರ ಸ್ಕ್ರೀನ್ ಬಿಟ್ಟು ಅಲ್ಲಾಡಲಿಲ್ಲ. ಆಕೆ ಅರ್ಧ ಹೇಳಿ ನಿಲ್ಲಿಸಿದರು, ಅವನು ತಲೆ ಎತ್ತುತ್ತಾನೇನೋ ಅಂತ ಕಾದರು. ಕೊನೆಗೆ ರಸೀದಿ ಮಡಚಿಕೊಂಡು "ಇರಲಿ ಬಿಡಪ್ಪ" ಅಂತ ಹೊರಟೇಬಿಟ್ಟರು.

ಹುಡುಗನ ಮೇಲೆ ನನಗೆ ಕೋಪವಿಲ್ಲ, ಕಲಿಸಿದವರ ಮೇಲಿದೆ. ನಾನೂ ವರ್ಷಗಟ್ಟಲೆ ಅಂಥದ್ದೇ ಕುರ್ಚಿಯಲ್ಲಿ ಕೂತವಳು. ಪ್ರತಿ ಟ್ರೈನಿಂಗಿನಲ್ಲೂ ಅದೇ ಸ್ಲೈಡು: ಎದುರಿನವರಿಗೆ ತಲುಪುವುದರಲ್ಲಿ ಮಾತಿನ ಪಾಲು ಶೇ. 7, ದನಿಯದು 38, ದೇಹಭಾಷೆಯದು 55. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಲೆಕ್ಕ ಅದು. ಅಲ್ಲಿ ಬಳಸಿದ್ದು ಬಿಡಿ ಪದಗಳು, ದನಿ ಮತ್ತು ಮುಖದ ಫೋಟೊ. ಇವು ಒಂದಕ್ಕೊಂದು ತಾಳೆಯಾಗದಿದ್ದಾಗ ಜನ ಯಾವುದನ್ನು ನಂಬುತ್ತಾರೆ ಅನ್ನುವುದಷ್ಟೇ ಪ್ರಶ್ನೆ. ಎಲ್ಲ ಮಾತುಕತೆಗೂ ಇದು ಅನ್ವಯಿಸುವುದಿಲ್ಲ ಅಂತ ಅವರೇ ಹೇಳಿದ್ದಾರೆ. ಮಾತಿಗೆ ಬರೀ ಏಳೇ ಪಾಲು ಅಂತ ನಂಬಿದವನು ಗ್ರಾಹಕರ ಮಾತನ್ನು ಯಾಕಾದರೂ ಕೇಳಬೇಕು?

ನಗಿ, ನಗಿ ಅಂತಾರೆ. ಮನಸಾರೆ ನಕ್ಕಾಗ ಕಣ್ಣಿನ ಸುತ್ತಲ ಸ್ನಾಯುವೂ ಬಿಗಿಯುತ್ತದೆ ಅಂತ ಫ್ರಾನ್ಸಿನ ವೈದ್ಯ ಡ್ಯುಶೆನ್ 1862ರಲ್ಲೇ ಬರೆದಿಟ್ಟಿದ್ದಾನೆ. ತುಟಿ ಮಾತ್ರ ಅರಳಿದ್ದು ಎದುರಿಗಿದ್ದವರಿಗೆ ಗೊತ್ತಾಗುತ್ತದೆ. ಕುರ್ಚಿ ತಿರುಗಿಸಿ, ಕೀಬೋರ್ಡಿನಿಂದ ಕೈ ತೆಗೆದು, ಅವರ ಮಾತು ಮುಗಿಯುವವರೆಗೆ ಕಾಯಿರಿ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಸಾಲು ಉದ್ದ ಇರುತ್ತೆ, ಪುರುಸೊತ್ತೆಲ್ಲಿ ಅನ್ನುತ್ತೀರಿ. ತಲೆ ಎತ್ತಿ ನೋಡುವುದಕ್ಕೆ ಎಷ್ಟು ಹೊತ್ತು ಬೇಕು? ಸರಿಯಾಗಿ ಕೇಳಿಸಿಕೊಳ್ಳದೆ ಕಳಿಸಿದವರು ನಾಳೆ ಅದೇ ಸಾಲಿಗೆ ಬಂದು ನಿಲ್ಲುತ್ತಾರೆ.

ಒಂದು ವಿಷಯ ಈವರೆಗೆ ಯಾರಿಗೂ ಹೇಳಿಲ್ಲ. ಫೋನಿನ ಕೆಲಸದಲ್ಲಿದ್ದಾಗ ಒಬ್ಬಾಕೆ ತೀರಿಕೊಂಡ ಗಂಡನ ಹೆಸರಿನಲ್ಲಿದ್ದ ಕನೆಕ್ಷನ್ ತೆಗೆಸಲು ಕರೆ ಮಾಡಿದ್ದರು. ಅಭ್ಯಾಸವಾಗಿದ್ದ ಆ ಲವಲವಿಕೆಯ ದನಿಯಲ್ಲೇ "ಖಂಡಿತ ಮೇಡಂ!" ಅಂದುಬಿಟ್ಟೆ. ಆ ಕಡೆ ಮೌನ. ಆಮೇಲೆ, "ನಾನು ಹೇಳಿದ್ದು ನಿಮಗೆ ಕೇಳಿಸ್ತಾ?" ಅಂದರು. ನನ್ನ ಗಂಟಲು ಕಟ್ಟಿತು. ದನಿ ತಗ್ಗಿಸಿ, ನಿಧಾನವಾಗಿ, "ಕೇಳಿಸ್ತು ಅಮ್ಮ, ಕ್ಷಮಿಸಿ" ಅಂದೆ. ಆಗ ಅವರು ಅಳೋಕೆ ಶುರು ಮಾಡಿದರು. ನಾನು ಫೋನ್ ಹಿಡಿದುಕೊಂಡೇ ಇದ್ದೆ.