ಬೆಡ್ ಯಾರಿಗೆ ಅಂತ ಡ್ಯೂಟಿ ಡಾಕ್ಟರನ್ನು ಕೇಳಬೇಡಿ

ಡಾಕ್ಟರ್ ಪರಿಚಯ ಇದ್ದರೆ ಅರ್ಧ ಕಾಯಿಲೆ ವಾಸಿ ಅಂತ ನಂಬಿರುವವರು ನಾವು. ಆ ಪರಿಚಯದ ಭಾರ ಡಾಕ್ಟರ ಮೇಲೆ ಎಷ್ಟು ಬೀಳುತ್ತೆ ಅನ್ನೋದನ್ನು ಮಾತ್ರ ಯಾರೂ ಕೇಳೋದಿಲ್ಲ.

2021ರ ಏಪ್ರಿಲ್‌ನಲ್ಲಿ, ಕೋವಿಡ್ ಎರಡನೇ ಅಲೆಯ ಹೊತ್ತಿಗೆ, ಅಕ್ಕನ ಮಗ ಗದಗದ ಕಡೆ ಒಂದು ಸರ್ಕಾರಿ ಆಸ್ಪತ್ರೆಯ ಕ್ಯಾಜುವಲ್ಟಿಯಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದ. ಪಿಪಿಇ ಕಿಟ್ ಹಾಕಿಕೊಂಡರೆ ಫೋನ್ ಎತ್ತುವ ಹಾಗಿಲ್ಲ. ಹಾಗಾಗಿ ಜನ ಅಕ್ಕನಿಗೇ ಫೋನ್ ಮಾಡುತ್ತಿದ್ದರು. "ಅಕ್ಕಾರ, ನಿಮ್ಮ ಮಗಗ ಒಂದ್ ಮಾತು ಹೇಳ್ರಿ, ಆಕ್ಸಿಜನ್ ಸ್ಯಾಚುರೇಷನ್ 84ಕ್ಕ ಇಳದೈತ್ರಿ." ಅವನು ಕಿಟ್ ಬಿಚ್ಚಿ ಫೋನ್ ನೋಡುವಾಗ ಅಮ್ಮನ ಮೆಸೇಜುಗಳ ಸಾಲು. ಖಾಲಿ ಇದ್ದ ಆಕ್ಸಿಜನ್ ಬೆಡ್ಡನ್ನು ಅಷ್ಟರಲ್ಲಿ ಅವನೇ ಇನ್ಯಾರಿಗೋ ಕೊಟ್ಟಿರುತ್ತಿದ್ದ. ಬೆಡ್ ಸಿಗದವರಲ್ಲಿ ಒಬ್ಬರು ಅವನಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮೇಷ್ಟ್ರು.

ಇಲ್ಲಿ ಮುಂಬೈ ಪಾಲಿಕೆ ಬೆಡ್ ಹಂಚಿಕೆಯನ್ನು 24 ವಾರ್ಡ್‌ಗಳ ವಾರ್ ರೂಮ್‌ಗಳಿಗೆ, ಅಂದರೆ ಕೋವಿಡ್ ಕಂಟ್ರೋಲ್ ರೂಮ್‌ಗಳಿಗೆ ಒಪ್ಪಿಸಿತ್ತು. ಡೊಂಬಿವಲಿಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿರುವ ಕುಂದಾಪುರದವರ ಮಗಳು ಆಗ ಪಾಲಿಕೆ ಆಸ್ಪತ್ರೆಯೊಂದರಲ್ಲಿ ರೆಸಿಡೆಂಟ್ ಡಾಕ್ಟರ್. ಅವಳಿಗೂ ಸುಖ ಇರಲಿಲ್ಲ ಬಿಡಿ. ವಾರ್ ರೂಮ್ ಪಟ್ಟಿಯಲ್ಲಿ ಹೆಸರಿಲ್ಲದ ಅಪ್ಪನನ್ನು ಮಗ ಟ್ಯಾಕ್ಸಿಯಲ್ಲಿ ಬಾಗಿಲಿಗೇ ತಂದರೆ ಏನು ಮಾಡೋದು? ಮೇಲಿನವರಿಗೆ ಫೋನ್ ಮಾಡಿ ಕಾಯಬೇಕು. ಆ ಮಗನ ಮುಖ ನೋಡುತ್ತಾ ಕಾಯಬೇಕು.

1984ರಲ್ಲೇ ಅಮೆರಿಕದ ನೀತಿಶಾಸ್ತ್ರಜ್ಞ ಆಂಡ್ರೂ ಜೇಮ್ಟನ್ ನರ್ಸ್‌ಗಳ ಬಗ್ಗೆ ಬರೆಯುತ್ತಾ ಈ ಸಂಕಟವನ್ನು ಗುರುತಿಸಿದ್ದರು. ಸರಿ ಯಾವುದು ಅಂತ ಗೊತ್ತು, ವ್ಯವಸ್ಥೆ ಮಾಡಗೊಡೋದಿಲ್ಲ. ಇದು ಸುಸ್ತಲ್ಲ, ರಜೆ ಹಾಕಿ ಮಲಗಿದರೆ ಹೋಗೋದಿಲ್ಲ.

ಆದರೂ ನನಗೆ ಮುಂಬೈ ರೀತಿಯೇ ಮೇಲು. ಇಲ್ಲ ಅನ್ನಬೇಕಾದಾಗ ಆ ಹುಡುಗಿ ಒಬ್ಬಳೇ ಅನ್ನಬೇಕಾಗಿರಲಿಲ್ಲ. 2020ರ ಮಾರ್ಚ್‌ನಲ್ಲಿ ಇಟಲಿಯ ತೀವ್ರ ನಿಗಾ ವೈದ್ಯರ ಸಂಘ ಐಸಿಯು ಯಾರಿಗೆ ಅನ್ನೋದಕ್ಕೆ ಲಿಖಿತ ಮಾರ್ಗಸೂಚಿ ಕೊಟ್ಟಿತು. ವೈದ್ಯರ ಹೆಗಲ ಭಾರ ಒಂದಿಷ್ಟು ಇಳಿಸೋದೂ ಅದರ ಉದ್ದೇಶವಾಗಿತ್ತು. ಬೆಂಗಳೂರಲ್ಲೂ ವಾರ್ ರೂಮ್ ಇತ್ತಲ್ಲ ಅಂತೀರಾ? ಇತ್ತು. 2021ರ ಮೇನಲ್ಲಿ ಬೆಡ್ ಬ್ಲಾಕಿಂಗ್, ಅಂದರೆ ಯಾರದೋ ಹೆಸರಲ್ಲಿ ಬೆಡ್ ಹಿಡಿದಿಟ್ಟು ದುಡ್ಡಿಗೆ ಕೊಡುವ ಆರೋಪದ ಗಲಾಟೆಯೂ ಆಯ್ತು. ಪಟ್ಟಿ ಎಲ್ಲರ ಕಣ್ಣಿಗೂ ಕಾಣುವಂತಿರಬೇಕು, ಅಷ್ಟೆ.

ಡಾಕ್ಟರಿಗೆ ಕೌನ್ಸೆಲಿಂಗ್ ಕೊಡಿ, ಯೋಗ ಕಲಿಸಿ ಅಂತಾರೆ. ಬೇಡ ಅನ್ನಲ್ಲ. ಮೊದಲು ಜಿಲ್ಲಾಸ್ಪತ್ರೆಗಳಲ್ಲಿ ಬೆಡ್ ತೀರ್ಮಾನಕ್ಕೆ ಮೂವರ ತಂಡ ಇರಲಿ. ಕಾರಣ ಬರೆದು ಸಹಿ ಹಾಕಲಿ. ಮನೆಯವರಿಗೆ ಅದನ್ನು ತಿಳಿಸೋದು ಹಿರಿಯ ಡಾಕ್ಟರೇ ಆಗಿರಲಿ. ಫೋನ್ ಮಾಡಲೇಬೇಕು ಅನ್ನುವವರಿಗೆ ಆ ತಂಡದ ನಂಬರು ಗೋಡೆ ಮೇಲೆ ದೊಡ್ಡದಾಗಿ ಬರೆದಿರಲಿ.