ಪೆನ್‌ಲೈಟ್ ಬೀಸುತ್ತಾ ನೋಡುವ ಕಬುಕಿ
ಡಿಜಿಟಲ್ ಪರದೆ ಸೇರಿದರೆ ಜಪಾನಿನ ಹಳೆಯ ರಂಗಕಲೆ ಕಬುಕಿ ಕೆಡುತ್ತದೆ ಅಂತ ಒಂದು ಲೇಖನದಲ್ಲಿ ಓದಿದೆ. ನನಗೆ ಹಾಗನ್ನಿಸುವುದಿಲ್ಲ. 2016ರಲ್ಲಿ ಶುರುವಾದ 'ಚೋಕಬುಕಿ' ಎಂಬ ಪ್ರಯೋಗವನ್ನೇ ನೋಡಿ. ಒಂದು ಕಡೆ ನಕಮುರಾ ಶಿದೋ ಎಂಬ ಕಬುಕಿ ನಟ, ಇನ್ನೊಂದು ಕಡೆ ಪರದೆಯ ಮೇಲೆ ಹತ್ಸುನೆ ಮಿಕು ಎಂಬ ಕಂಪ್ಯೂಟರ್ ದನಿಯ ಗಾಯಕಿ. ಇದು ಸುಮ್ನೆ ಅಂಟಿಸಿದ ಜೋಡಿಯಲ್ಲ. 1747ರ 'ಯೋಶಿತ್ಸುನೆ ಸೆನ್‌ಬೊನ್‌ಜಕುರಾ' ನಾಟಕದಲ್ಲಿ ಒಂದು ಚರ್ಮವಾದ್ಯ ಬರುತ್ತದೆ, ಅದರ ಹೆಸರೂ ಹತ್ಸುನೆಯೇ! ತನ್ನ ಅಪ್ಪ ಅಮ್ಮನ ಚರ್ಮದಿಂದ ಮಾಡಿದ ಆ ವಾದ್ಯವನ್ನು ನರಿಯೊಂದು ಬಿಡದೆ ಹಿಂಬಾಲಿಸುತ್ತದೆ. ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ನಟರ ಮನೆತನದ ಹೆಸರು ಕೂಗುವುದು ಕಬುಕಿಯ ಹಳೆಯ ರೂಢಿ. ಇಲ್ಲಿ ಪೆನ್‌ಲೈಟ್ ಎಂಬ ಪುಟ್ಟ ದೀಪದ ಕಡ್ಡಿ ಹಿಡಿದ ಹುಡುಗರು ಶಿದೋಗೆ 'ಯೊರೊಝುಯಾ', ಮಿಕುಗೆ 'ಹತ್ಸುನೆಯಾ' ಅಂತ ಕೂಗುತ್ತಾರೆ. ಹೊಸಬರಿಗೂ ರೂಢಿ ದಾಟಿತು ಅಲ್ವಾ? 2019ರಲ್ಲಿ ಕ್ಯೋಟೋದ ಹಳೆಯ ಮಿನಾಮಿಜಾ ರಂಗಮಂದಿರದಲ್ಲೂ ಈ ಪ್ರಯೋಗ ನಡೆಯಿತು.