ಉಗ್ರಾಣದ ಕೀಲಿ ಇಲ್ಲದ ಯಜಮಾನಿ

ನ್ಯೂಯಾರ್ಕ್ ಪೊಲೀಸ್ ಇಲಾಖೆ ಹುಟ್ಟಿದ್ದು 1845ರಲ್ಲಿ. ಅದರ ತಲೆಯ ಮೇಲೆ ಒಬ್ಬ ಮಹಿಳೆಯನ್ನು ಕೂರಿಸಬಹುದು ಎಂದು ಹೊಳೆದದ್ದು 2021ರಲ್ಲಿ. 176 ವರ್ಷ ಯೋಚಿಸಿ ಮಾಡಿದ ಕೆಲಸ, ಹಾಗಾಗಿ ಬಲು ಅಚ್ಚುಕಟ್ಟು. ಬೇರೆ ನಗರಗಳಿಗೂ ಉಪಯೋಗವಾಗಲೆಂದು ಆ ವಿಧಾನ ಇಲ್ಲಿದೆ.

ಮೊದಲು ಚುನಾವಣಾ ಪ್ರಚಾರದಲ್ಲೇ ಕಮಿಷನರ್ ಕುರ್ಚಿಗೆ ಮಹಿಳೆಯನ್ನೇ ತರುತ್ತೇನೆಂದು ಮಾತು ಕೊಡಬೇಕು. ಮೇಯರ್ ಹುದ್ದೆಗೆ ನಿಂತಿದ್ದ ಎರಿಕ್ ಆಡಮ್ಸ್ ಕೊಟ್ಟರು. ಇದರಿಂದ ಲಾಭವೇನೆಂದರೆ, ಬರುವವರು ಎಷ್ಟೇ ಅರ್ಹರಾಗಿರಲಿ, ‘ಹೆಂಗಸು ಅಂತ ಸಿಕ್ತು ಬಿಡಿ’ ಎಂಬ ಮಾತು ಅವರಿಗಿಂತ ಮುಂಚೆಯೇ ಹೋಗಿ ಕಚೇರಿಯಲ್ಲಿ ಕೂತಿರುತ್ತದೆ.

ಆಮೇಲೆ ವಧುಪರೀಕ್ಷೆ. ಕೀಚಾಂಟ್ ಸ್ಯೂವೆಲ್ ಪಕ್ಕದ ನ್ಯಾಸೊ ಕೌಂಟಿಯಲ್ಲಿ ಡಿಟೆಕ್ಟಿವ್ ವಿಭಾಗದ ಮುಖ್ಯಸ್ಥೆ. ಸುಮಾರು 25 ವರ್ಷದ ಸರ್ವಿಸು, ಒತ್ತೆಯಾಳು ಬಿಡಿಸುವ ಸಂಧಾನದಲ್ಲಿ ತರಬೇತಿ ಬೇರೆ. ಅಷ್ಟಕ್ಕೇ ಒಪ್ಪಿಗೆ ಅನ್ನಲಾಗುತ್ತದೆಯೇ? ‘ಒಂದು ಹಾಡು ಹೇಳಮ್ಮ’ ಅನ್ನುವ ಹಾಗೆ, ನಿರಾಯುಧನಾದ ಕಪ್ಪು ವ್ಯಕ್ತಿಯ ಮೇಲೆ ಬಿಳಿಯ ಪೊಲೀಸನೊಬ್ಬ ಗುಂಡು ಹಾರಿಸಿದ್ದಾನೆ ಎಂದುಕೊಂಡು ಒಂದು ಅಣಕು ಪತ್ರಿಕಾಗೋಷ್ಠಿ ಮಾಡಿ ತೋರಿಸಲು ಹೇಳಿದರು. ಮಾಡಿ ತೋರಿಸಿದರು.

2022ರ ಜನವರಿಯಲ್ಲಿ ಸೇರು ಒದ್ದು ಒಳಗೆ ಬಂದದ್ದೂ ಆಯಿತು. ಐದು ನಕ್ಷತ್ರದ ಬಿಲ್ಲೆ, ಸುಮಾರು 35,000 ಪೊಲೀಸರು. ನಗರದ ಸನ್ನದು ತೆರೆದರೆ ಇಲಾಖೆಯ ಆಡಳಿತ, ಶಿಸ್ತು ಎರಡೂ ಕಮಿಷನರದ್ದು, ಅವಧಿ 5 ವರ್ಷ. ಮೇಯರ್ ಬೇಡವೆಂದ ದಿನ ಇಳಿಯಬೇಕು ಎಂಬುದೂ ಅಲ್ಲೇ ಇದೆ. ಸೊಸೆಗೆ ಮನೆಯ ಕೀಲಿಗೊಂಚಲು ಒಪ್ಪಿಸಿ, ಉಗ್ರಾಣದ್ದೊಂದನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ವಿದ್ಯೆ ನಮ್ಮ ಅತ್ತೆಯರದ್ದೇ ಎಂದುಕೊಂಡಿದ್ದೆವು!

ಈ ಮನೆಯಲ್ಲಂತೂ ಅತ್ತೆಯರು ಇಬ್ಬರು. ಮೇಯರ್ ಸ್ವತಃ ಇದೇ ಇಲಾಖೆಯಲ್ಲಿ 22 ವರ್ಷ ದುಡಿದು ಕ್ಯಾಪ್ಟನ್ ಆಗಿ ನಿವೃತ್ತರಾದವರು. ಆಗಿನ ಉಪಮೇಯರ್ ಫಿಲಿಪ್ ಬ್ಯಾಂಕ್ಸ್ 2014ರವರೆಗೆ ಚೀಫ್ ಆಫ್ ಡಿಪಾರ್ಟ್‌ಮೆಂಟ್, ಅಂದರೆ ಸಮವಸ್ತ್ರದವರಲ್ಲಿ ಎಲ್ಲರಿಗಿಂತ ಮೇಲಿನವರು. ಅಡುಗೆ ಬಲ್ಲ ಅತ್ತೆ ಒಲೆ ಮುಂದಿನಿಂದ ಏಳುವುದುಂಟೇ?

ಉಗ್ರಾಣದಲ್ಲಿ ಇರುವುದು ಬಡ್ತಿ. ಸಾರ್ಜೆಂಟ್, ಲೆಫ್ಟಿನೆಂಟ್, ಕ್ಯಾಪ್ಟನ್ ಆಗಲು ಪರೀಕ್ಷೆ ಬರೆಯಬೇಕು. ಅದರಾಚೆಗಿನದ್ದು, ಜೊತೆಗೆ ಡಿಟೆಕ್ಟಿವ್‌ಗಳ ಗ್ರೇಡು, ಕಮಿಷನರ್ ವಿವೇಚನೆಗೆ ಬಿಟ್ಟದ್ದು. ಆ ಪಟ್ಟಿಯೂ ಸಿಟಿ ಹಾಲ್‌ನ, ಅಂದರೆ ಮೇಯರ್ ಕಚೇರಿಯ, ಒಪ್ಪಿಗೆಗೆ ಹೋಗಬೇಕಿತ್ತೆಂದು ಅಲ್ಲಿನ ಪತ್ರಿಕೆಗಳು ಬರೆದವು. ಬಡ್ತಿ ಕೊಡಲಾಗದ ಸಾಹೇಬರಿಗೆ ಸಲ್ಯೂಟ್ ಸಿಗುತ್ತದೆ, ಕೆಲಸ ಸಿಗುವುದಿಲ್ಲ; ಯಾವ ಠಾಣೆಯಲ್ಲಿ ಕೇಳಿದರೂ ಹೇಳುತ್ತಾರೆ. ಪೊಲೀಸ್ ಪ್ರಧಾನ ಕಚೇರಿ ಒನ್ ಪೊಲೀಸ್ ಪ್ಲಾಜಾದಿಂದ ಸಿಟಿ ಹಾಲ್‌ಗೆ ನಡೆದರೆ ಐದಾರು ನಿಮಿಷ. ಮೇಲೇರಬೇಕೆನ್ನುವ ಅಧಿಕಾರಿಗೆ ದಾರಿ ಹೇಳಿಕೊಡಬೇಕೇ?

ಉಳಿದದ್ದು ಶಿಸ್ತು. 2021ರ ನವೆಂಬರ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ಹುಡುಗರ ಚೆಂಡು ಅಂಗಡಿಯೊಂದರ ಕ್ಯಾಮೆರಾಗೆ ಬಡಿಯಿತು. ಮಾಜಿ ಪೊಲೀಸನೊಬ್ಬ ಬಂದೂಕು ಹಿಡಿದು ಅವರನ್ನು ಅಟ್ಟಿಸಿಕೊಂಡು ಹೋದನೆಂಬ ಆರೋಪದಲ್ಲಿ ಸೆರೆಯಾದ. ಹಿರಿಯ ಅಧಿಕಾರಿ ಜೆಫ್ರಿ ಮ್ಯಾಡ್ರಿ ಬಂದರು, ಬಂಧನ ರದ್ದಾಯಿತು. ಮ್ಯಾಡ್ರಿ ಮುಂದೆ ಚೀಫ್ ಆಫ್ ಡಿಪಾರ್ಟ್‌ಮೆಂಟ್ ಆದರು. 2023ರಲ್ಲಿ ಸ್ಯೂವೆಲ್ ಈ ಮ್ಯಾಡ್ರಿಗೆ ವಿಧಿಸಹೊರಟ ಶಿಕ್ಷೆ ಜೈಲಲ್ಲ, ವಜಾ ಅಲ್ಲ, ಹೆಚ್ಚೆಂದರೆ 10 ದಿನದ ರಜೆ ಕಡಿತ! ಮ್ಯಾಡ್ರಿ ಒಪ್ಪಲಿಲ್ಲ, ಇಲಾಖಾ ವಿಚಾರಣೆಯೇ ಆಗಲಿ ಎಂದರು. ಮೇಯರ್ ಬಹಿರಂಗವಾಗಿ ಮ್ಯಾಡ್ರಿಯನ್ನೇ ಹೊಗಳಿದರು. ಸೊಸೆ ಮೈದುನನ ತಟ್ಟೆಯಿಂದ ಒಂದು ಹಪ್ಪಳ ತೆಗೆದದ್ದಕ್ಕೆ ಊಟದ ಮನೆಯೇ ಎದ್ದು ನಿಂತಿತು.

ಇದಕ್ಕೂ ಮುಂಚೆ, 2022ರ ಕೊನೆಗೆ, ಮಹಿಳಾ ಪೊಲೀಸರ ಸಭೆಯೊಂದರಲ್ಲಿ ಸ್ಯೂವೆಲ್ ಒಂದು ಪತ್ರ ಓದಿದ್ದರು. ಬರೆದದ್ದು ಮುಂದೊಮ್ಮೆ ಬರಲಿರುವ ಎರಡನೇ ಮಹಿಳಾ ಕಮಿಷನರ್‌ಗೆ. ಕೂದಲು ಸರಿಯಿಲ್ಲ ಅನ್ನುತ್ತಾರೆ, ತೂಕ ಇಳಿಸು ಅನ್ನುತ್ತಾರೆ, ಮಾಡಿದ್ದು ಅತಿಯಾಯಿತು ಅನ್ನುತ್ತಾರೆ, ಸಾಲದು ಅಂತಲೂ ಅನ್ನುತ್ತಾರೆ ಎಂಬ ಧಾಟಿಯ ಪತ್ರ. ಅವರಿಗಿಂತ ಹಿಂದಿನ 44 ಕಮಿಷನರ್‌ಗಳ ಕೂದಲು ಚರ್ಚೆಗೆ ಬಂದಿರಲಿಲ್ಲ. ಕೆಲವರಿಗೆ ಅದು ಇರಲೂ ಇಲ್ಲ.

ಆ ವರ್ಷ ಕೊಲೆಗಳೂ ಗುಂಡಿನ ದಾಳಿಗಳೂ ಶೇ 10ಕ್ಕಿಂತ ಹೆಚ್ಚು ಇಳಿದವು. ಸಾರು ಚೆನ್ನಾದರೆ ಪುಡಿ ಅತ್ತೆಯದು, ಉಪ್ಪು ಜಾಸ್ತಿಯಾದರೆ ಕೈ ಸೊಸೆಯದು. 2023ರ ಜೂನ್ 12ರಂದು ಸ್ಯೂವೆಲ್ ಸಿಬ್ಬಂದಿಗೆ ಇಮೇಲ್ ಕಳಿಸಿ, ತಿಂಗಳ ಕೊನೆಗೆ ಗೊಂಚಲು ಇಳಿಸಿ ನಡೆದರು. ಒಟ್ಟು 18 ತಿಂಗಳು.

ಆಮೇಲೆ ಬಂದ ಎಡ್ವರ್ಡ್ ಕಾಬಾನ್ ಫೆಡರಲ್ ತನಿಖೆಯವರು ಫೋನ್ ಕಿತ್ತುಕೊಂಡ ಮೇಲೆ ರಾಜೀನಾಮೆ ಕೊಟ್ಟರು. ಹಂಗಾಮಿಯಾಗಿ ಬಂದ ಟಾಮ್ ಡಾನ್ಲನ್ ಮನೆಯನ್ನು ಒಂದೇ ವಾರದಲ್ಲಿ ಶೋಧಿಸಲಾಯಿತು. ‘ಗಂಡಸರಿಗೆ ಈ ಹುದ್ದೆ ಒಗ್ಗುವುದಿಲ್ಲವೇನೋ’ ಎಂಬ ಸಂಪಾದಕೀಯ ಮಾತ್ರ ಎಲ್ಲೂ ಕಣ್ಣಿಗೆ ಬೀಳಲಿಲ್ಲ.

ಪತ್ರದ ವಿಳಾಸದಾರರು ಬಂದದ್ದು 2024ರ ನವೆಂಬರ್‌ನಲ್ಲಿ: ಜೆಸ್ಸಿಕಾ ಟಿಶ್, ಮೂರು ವರ್ಷ ತುಂಬುವುದರೊಳಗೆ ಆಡಮ್ಸ್ ಕಂಡ ನಾಲ್ಕನೇ ಕಮಿಷನರ್. ಮರುತಿಂಗಳೇ ಮ್ಯಾಡ್ರಿ, ಲೈಂಗಿಕ ದುರ್ವರ್ತನೆಯ ಆರೋಪ ಅಲ್ಲಗಳೆಯುತ್ತಲೇ, ಹುದ್ದೆ ಬಿಟ್ಟರು. 10 ದಿನದ ರಜೆ ಬಿಟ್ಟುಕೊಡಲು ಒಪ್ಪದವರಿಗೆ ಈಗ ರಜೆಯೋ ರಜೆ.